ಅಲ್ಲಾಡದ ಎಪ್ಪತ್ತೆಂಟು

ಕೆಲಸ ಮಾಡುತ್ತಿದ್ದ ಮೀಟರುಗಳನ್ನು ಕಿತ್ತು ಬಕೆಟ್ಟಿಗೆ ಹಾಕಿದರು. ತಪ್ಪು ನಡೆದದ್ದು ಅಲ್ಲೇ.

ಒಂದಲ್ಲ, ಐದು. ಎಂಜಿನ್ನಿನ ಬಿಸಿಗೆ ಒಂದು, ಆಯಿಲ್ಲಿಗೆ ಒಂದು, ಬ್ಯಾಟರಿಗೆ ಒಂದು, ಡೀಸೆಲ್ಲಿಗೆ ಒಂದು, ಎಂಜಿನ್ ಸುತ್ತುವ ವೇಗಕ್ಕೆ ಒಂದು. ಒಂದೊಂದಕ್ಕೂ ದುಂಡನೆಯ ಮುಖ, ಒಂದೊಂದು ಮುಳ್ಳು. ಹದಿನಾಲ್ಕು ವರ್ಷ ಉಪ್ಪುಗಾಳಿ ಕುಡಿದು ಬದುಕಿದ್ದವು. ಅವುಗಳ ಜಾಗಕ್ಕೆ ಎರಡು ಅಂಗೈ ಅಗಲದ ಟಚ್‌ಸ್ಕ್ರೀನ್ ಬಂತು.

ಕೀಳಿಸಿದವನು ಬೋಟಿನ ಮಾಲೀಕ ರೋಹಿದಾಸ. ಹೊಳೆ ನೋಡಲು ಬಂದವರನ್ನು ವಿಹಾರಕ್ಕೆ ಕರೆದೊಯ್ಯುವ ಬೋಟು ಅದು. ಯಾಕೆ ಕಿತ್ತದ್ದು ಎಂದು ಕೇಳಿದರೆ, "ಬಂದವರು ಫೋಟೊ ತೆಗೀತಾರೆ. ಹಳೇ ಡಬ್ಬಿಗಳು ಚಂದ ಕಾಣುದಿಲ್ಲ" ಅಂದ.

ಜನರ ಜೀವ ನೀರಿನ ಮೇಲೆ ಒಯ್ಯುವವನು ಕೊಟ್ಟ ಕಾರಣ ಇಷ್ಟೇ.

ಸ್ಪ್ಯಾನರ್ ಹಿಡಿದು ಕಿತ್ತವಳು ತುಳಸಿ. ಜಟ್ಟಪ್ಪ ತಾಂಡೇಲರ ಶಿಷ್ಯೆ. ನಲವತ್ತು ವರ್ಷ ಕಡಲಲ್ಲಿ ಮೀನಿನ ಬೋಟ್ ನಡೆಸಿದ ಮುದುಕನ ಹತ್ತಿರ ಎರಡು ವರ್ಷದಿಂದ ಕಲಿಯುತ್ತಿದ್ದಳು. ಭಾನುವಾರ ಅವಳ ಪರೀಕ್ಷೆ. ತಾಂಡೇಲರು ಹೂಂ ಅಂದರೆ ಬೋಟಿನ ಚಕ್ರ ಅವಳ ಕೈಗೆ. ಊಹೂಂ ಅಂದರೆ ಮತ್ತೆ ಬೋಟು ನಿಲ್ಲುವ ಧಕ್ಕೆಯಲ್ಲಿ ಹಗ್ಗ ಕಟ್ಟುವ ಕೆಲಸ.

ತಾಂಡೇಲರು ಬಕೆಟ್ಟಿನಿಂದ ಬಿಸಿಯ ಮೀಟರನ್ನು ಎತ್ತಿಕೊಂಡರು. ಅದರ ಬೆನ್ನಿಗೆ ಸಣ್ಣ ತಾಮ್ರದ ಕೊಳವೆ ಜೋತಾಡುತ್ತಿತ್ತು.

"ಅದನ್ನೇನು ಮಾಡ್ತೀರಿ ಮಾವ? ಗುಜರಿಗೆ ಹೋಗುದು ಅದು."

"ಜೀವ ಉಂಟು ಇದಕ್ಕೆ" ಎಂದು ಅವರು ಅದನ್ನು ಟವೆಲ್ಲಿನಲ್ಲಿ ಸುತ್ತಿದರು. "ಹೇಳು ನೋಡುವ. ಎಂಜಿನ್ ಓಡುವಾಗ ಇದರ ಮುಳ್ಳು ಯಾಕೆ ನಡುಗ್ತದೆ?"

"ಬೋಟೇ ನಡುಗ್ತದಲ್ಲ, ಅದಕ್ಕೆ."

"ನಡುಗದೇ ನಿಂತರೆ?"

"ಒಳ್ಳೇದೇ ಆಯ್ತು. ಓದಲಿಕ್ಕೆ ಸುಲಭ."

ತಾಂಡೇಲರು ಒಂದು ಬೊಗಸೆ ಹೊಳೆನೀರು ತೆಗೆದು ಹೊಸ ಸ್ಕ್ರೀನಿನ ಮೇಲೆ ಎರಚಿದರು.

"ಅಯ್ಯೋ ಮಾವ!"

ಸ್ಕ್ರೀನಿನಲ್ಲಿ ನಕ್ಷೆ ತೆರೆಯಿತು. ತಾನಾಗಿ ಮುಚ್ಚಿತು. ಯಾವುದೋ ಭಾಷೆಯ ಪಟ್ಟಿ ಬಂತು. ತುಳಸಿ ಒದ್ದೆ ಬೆರಳಿಂದ ಒತ್ತಿದಷ್ಟೂ ಬೇರೆ ಬೇರೆ ಬಾಗಿಲು ತೆರೆದವು.

"ಬಿಸಿ ಎಷ್ಟುಂಟು?"

"ತಡೀರಿ, ಒರೆಸ್ತೇನೆ."

"ತೆರೆ ಬಡಿದಾಗಲೂ ಹೀಗೇ ಹೇಳು. ತಡೀತದೆ ಅದು."

ತುಳಸಿಗೆ ಸಿಟ್ಟು ಬಂತು. "ನಿಮ್ಮ ಡೀಸೆಲ್ ಮೀಟರ್ ಏನು ಸತ್ಯಹರಿಶ್ಚಂದ್ರನಾ? ಮೂರು ವರ್ಷದಿಂದ ಅರ್ಧ ಟ್ಯಾಂಕ್ ಅಂತಲೇ ಹೇಳ್ತಾ ಇತ್ತು!"

ಮುದುಕ ಹೊಟ್ಟೆ ಹಿಡಿದು ನಕ್ಕರು. "ಹೌದು ಮಾರಾಯ್ತಿ. ಶುದ್ಧ ಸುಳ್ಳ ಅದು. ಅದಕ್ಕೇ ನಾನು ಕೋಲು ಅದ್ದಿ ನೋಡ್ತಿದ್ದೆ. ಆದರೆ ಅದು ಸುಳ್ಳು ಹೇಳಿದಾಗ ಉಳಿದ ನಾಲ್ಕು ಅದರ ಜೊತೆ ಸೇರಲಿಲ್ಲ."

ಭಾನುವಾರ ಮಧ್ಯಾಹ್ನ ಹತ್ತು ಜನ ಬೋಟ್ ಹತ್ತಿದರು. ದಾವಣಗೆರೆ ಕಡೆಯ ಒಂದೇ ಮನೆಯವರು. ಅಜ್ಜಿಯಿಂದ ಹಿಡಿದು ಮೊಮ್ಮಗುವಿನ ತನಕ.

ತುಳಸಿ ಚಕ್ರ ಹಿಡಿದಳು. ತಾಂಡೇಲರು ಹಿಂದೆ ಹೋಗಿ ಎಂಜಿನ್ ಪೆಟ್ಟಿಗೆಯ ಮುಚ್ಚಳದ ಮೇಲೆ ಪ್ರಯಾಣಿಕರಂತೆ ಕೂತರು.

ನೀರು ಇಳಿತದಲ್ಲಿತ್ತು. ಹೊಳೆ ಕಡಲಿನ ಕಡೆಗೆ ಸರಿಯುತ್ತಿತ್ತು. ದೂರದ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ಮರಳುದಿಬ್ಬದ ಮೇಲೆ ತೆರೆ ಒಡೆಯುವುದು ಬೆಳ್ಳಗೆ ಕಾಣುತ್ತಿತ್ತು. ಅಲ್ಲಿಗೆ ಯಾವ ವಿಹಾರದ ಬೋಟೂ ಹೋಗುವುದಿಲ್ಲ. ಹೋದದ್ದು ಮಗುಚುತ್ತದೆ.

ಅರ್ಧ ಗಂಟೆ ಕಳೆದ ಮೇಲೆ ತಾಂಡೇಲರು ಕೂತಲ್ಲೇ ಒಮ್ಮೆ ಸರಿದರು. ಮತ್ತೊಮ್ಮೆ ಸರಿದರು. ಅಂಗೈಯನ್ನು ಮುಚ್ಚಳಕ್ಕೆ ಒತ್ತಿ ನೋಡಿದರು.

"ತುಳಸಿ, ಬಿಸಿ ಎಷ್ಟುಂಟು?"

"ಎಪ್ಪತ್ತೆಂಟು ಮಾವ." ಅವಳ ದನಿಯಲ್ಲಿ ಹೆಮ್ಮೆ ಇತ್ತು. "ಧಕ್ಕೆ ಬಿಟ್ಟಾಗಲೂ ಎಪ್ಪತ್ತೆಂಟು, ಈಗಲೂ ಎಪ್ಪತ್ತೆಂಟು. ಒಂದು ಚೂರೂ ಅಲ್ಲಾಡಲಿಲ್ಲ."

"ಒಂದು ಚೂರೂ?"

"ಇಲ್ಲವೇ ಇಲ್ಲ."

ಅವರು ಎದ್ದು ಮುಚ್ಚಳ ಎತ್ತಿದರು. ಬಿಸಿಗಾಳಿ ಮುಖಕ್ಕೆ ಹೊಡೆಯಿತು.

"ಬಂದ್ ಮಾಡು ಎಂಜಿನ್."

ತುಳಸಿ ಸ್ಕ್ರೀನ್ ನೋಡಿದಳು. "ಎಪ್ಪತ್ತೆಂಟೇ ಉಂಟಲ್ಲ ಮಾವ?"

"ಬಂದ್ ಮಾಡು!"

ಎರಡು ವರ್ಷದಲ್ಲಿ ಅವರು ದನಿ ಏರಿಸಿದ್ದು ಅದೇ ಮೊದಲು. ಅವಳು ಬಂದ್ ಮಾಡಿದಳು.

ಎಂಜಿನ್ ನಿಂತಿತು. ಸುಟ್ಟ ರಬ್ಬರಿನ ವಾಸನೆ ಬಂತು. ಬೋಟು ಅಡ್ಡ ತಿರುಗಿ ಇಳಿತದ ಜೊತೆ ಅಳಿವೆಯ ಕಡೆಗೆ ಹೊರಟಿತು.

"ಮೇಡಂ, ಇದೂ ಪ್ಯಾಕೇಜ್‌ನಲ್ಲೇ ಬರುತ್ತಾ?" ಎಂದು ಕೇಳಿದ ಮನೆಯ ಅಳಿಯ. ಯಾರೂ ನಗಲಿಲ್ಲ. ಅಜ್ಜಿ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

ತುಳಸಿ ಲಂಗರಿನ ಹತ್ತಿರ ಓಡಿದಳು. ಓಡುತ್ತಲೇ ಸ್ಕ್ರೀನಿನತ್ತ ನೋಡಿದಳು. ನೀರಿನ ಆಳ ಮೂರು ಮೀಟರ್. ಅಷ್ಟಕ್ಕೆ ತಕ್ಕ ಹಗ್ಗ ಬಿಟ್ಟಳು.

ಲಂಗರು ಕಚ್ಚಲಿಲ್ಲ. ಬೋಟು ನಿಲ್ಲಲಿಲ್ಲ.

"ಮೂರು ಮೀಟರ್ ಅಂತ ಉಂಟು!" ಅವಳು ಕೂಗಿದಳು.

"ಗಂಟೆ ಎಷ್ಟು ಅಂತ ಉಂಟು?"

ಸ್ಕ್ರೀನಿನ ಮೂಲೆಯಲ್ಲಿ ಗಡಿಯಾರವಿತ್ತು. ಎರಡು ಹತ್ತು. ಧಕ್ಕೆ ಬಿಟ್ಟ ಹೊತ್ತು.

ಅವಳ ಕೈಗಡಿಯಾರದಲ್ಲಿ ಎರಡು ಮುಕ್ಕಾಲು ದಾಟಿತ್ತು.

ತುಳಸಿ ಮತ್ತೆ ಆ ಕಡೆ ನೋಡಲಿಲ್ಲ. ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಎಸೆದಳು. ಗುಂಡು ತಳ ಮುಟ್ಟಿತು. ಎರಡೂ ತೋಳು ಚಾಚಿ ಚಾಚಿ ಹಗ್ಗ ಎಳೆದಳು. ಒಂದು ಮಾರು, ಎರಡು, ಮೂರು, ನಾಲ್ಕು. ನಾಲ್ಕು ಮಾರು ನೀರು. ಆರು ಮೀಟರಿಗಿಂತ ಹೆಚ್ಚು, ಸ್ಕ್ರೀನ್ ಹೇಳಿದ್ದರ ಎರಡು ಪಟ್ಟು.

ಲಂಗರಿನ ಹಗ್ಗ ಇದ್ದಷ್ಟೂ ಬಿಟ್ಟಳು.

ಬೋಟು ಇನ್ನೂ ಸ್ವಲ್ಪ ದೂರ ಜಾರಿತು. ತೆರೆ ಒಡೆಯುವ ಸದ್ದು ಜೋರಾಯಿತು. ಆಮೇಲೆ ಹಗ್ಗ ಬಿಗಿಯಿತು. ಬೋಟು ಒಮ್ಮೆ ತಲೆ ಕೊಡವಿ ನಿಂತಿತು.

ತುಳಸಿ ಎಂಜಿನ್ ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿದಳು. ಒಳಗೆ, ಯಾರಿಗೂ ಕಾಣದ ಮೂಲೆಯಲ್ಲಿ, ಬಕೆಟ್ಟಿನಿಂದ ಎತ್ತಿದ ಮೀಟರು ತಂತಿಯಿಂದ ಬಿಗಿದು ಕೂತಿತ್ತು. ತಾಮ್ರದ ಕೊಳವೆ ಎಂಜಿನ್ನಿನ ಹಳೆಯ ತೂತಿಗೇ ಸೇರಿತ್ತು. ಮುಳ್ಳು ಕೆಂಪು ಗೆರೆಯ ಆಚೆ ಇತ್ತು.

"ಯಾವಾಗ ಹಾಕಿದಿರಿ?"

"ಮೊದಲು ಕೆಲಸ."

ಅವಳು ಹೊಳೆನೀರಿನ ವಾಲ್ವ್ ಮುಚ್ಚಿ ಸೋಸುವ ಡಬ್ಬಿ ಬಿಚ್ಚಿದಳು. ಚಿಪ್ಸ್ ಪ್ಯಾಕೆಟ್ಟಿನ ಚೂರುಗಳು ಒಳಗೆ ಮೆತ್ತಿಕೊಂಡಿದ್ದವು. ಎಂಜಿನ್ನಿಗೆ ತಂಪು ನೀರು ಹೋಗಲು ದಾರಿಯೇ ಇರಲಿಲ್ಲ. ಕಿತ್ತು ತೆಗೆದಳು. ಅಳಿಯ ತನ್ನ ಕೈಯಲ್ಲಿದ್ದ ಚಿಪ್ಸ್ ಪ್ಯಾಕೆಟ್ಟನ್ನು ಮೆಲ್ಲಗೆ ಮಡಚಿ ಜೇಬಿಗೆ ಹಾಕಿಕೊಂಡ.

ಮುಳ್ಳು ಇಳಿಯುವ ತನಕ ಕಾದರು. ಅರ್ಧ ಗಂಟೆ. ಹತ್ತು ಜನರೂ ಆ ಒಂದು ಮುಳ್ಳನ್ನೇ ನೋಡುತ್ತ ಕೂತರು. ಸ್ಕ್ರೀನಿನ ಫೋಟೊ ಯಾರೂ ತೆಗೆಯಲಿಲ್ಲ.

ಎಂಜಿನ್ ಮತ್ತೆ ಚಾಲೂ ಆಯಿತು. ಮುಳ್ಳು ನಡುಗತೊಡಗಿತು. ತುಳಸಿ ಗಾಜಿನ ಮೇಲೆ ಬೆರಳಿಟ್ಟಳು. ಬೆರಳಿಗೂ ಆ ನಡುಕ ತಾಗಿತು.

"ಫೇಲಾದೆನಾ ಮಾವ ನಾನು? ಪರೀಕ್ಷೆಯಲ್ಲಿ?"

"ಧಕ್ಕೆ ಇನ್ನೂ ಬರಲಿಲ್ಲ" ಅಂದರು ತಾಂಡೇಲರು.

ಧಕ್ಕೆಯಲ್ಲಿ ನಾಲ್ಕು ಗಂಟೆಯ ಟ್ರಿಪ್ಪಿಗೆ ಜನ ಆಗಲೇ ಲೈಫ್ ಜಾಕೆಟ್ ಹಾಕಿ ಸಾಲು ನಿಂತಿದ್ದರು. ರೋಹಿದಾಸ ಓಡಿ ಬಂದ. ನಡೆದದ್ದೆಲ್ಲ ಕೇಳಿದ.

"ಹ್ಯಾಂಗ್ ಆಗಿದೆ ಅಷ್ಟೇ. ಆಫ್ ಮಾಡಿ ಆನ್ ಮಾಡಿದರೆ ಸರಿ ಆಗ್ತದೆ. ಮಂಗಳವಾರ ಕಂಪನಿಯವನು ಬಂದು ನೋಡ್ತಾನೆ. ನೀನು ನಾಲ್ಕರ ಟ್ರಿಪ್ಪಿಗೆ ಹೊರಡು."

ಆಫ್ ಮಾಡಿ ಆನ್ ಮಾಡಿದ. ಸ್ಕ್ರೀನ್ ಹೊಳೆಯಿತು. ಎಲ್ಲ ಅಂಕಿಗಳೂ ಸರಿಯಾಗಿ ಬಂದವು.

"ನೋಡು!"

ತುಳಸಿ ಕೀಲಿ ಕಿತ್ತುಕೊಂಡಳು. ಶೆಡ್ಡಿಗೆ ಹೋಗಿ ಬಕೆಟ್ ತಂದಳು. ಸ್ಪ್ಯಾನರ್ ತಂದಳು.

"ಇದೇನು?"

"ಕಿತ್ತವಳು ನಾನು. ನಾನೇ ಹಾಕ್ತೇನೆ. ನಿಮ್ಮ ಸ್ಕ್ರೀನ್ ಅಲ್ಲೇ ಇರಲಿ, ಇವು ಅದರ ಪಕ್ಕ ಇರಲಿ. ಹಾಕಿ ಆಗುವ ತನಕ ಬೋಟ್ ಹೊರಡುದಿಲ್ಲ."

"ಬೋಟ್ ನಂದು!"

"ಹೌದು. ಹತ್ತುವವರು ನಿಮ್ಮವರಲ್ಲ."

ರೋಹಿದಾಸನ ಮುಖ ಕೆಂಪಾಯಿತು. "ಆಯ್ತು. ನೀನಿಲ್ಲದಿದ್ದರೆ ಇನ್ನೊಬ್ಬ. ಒಂದು ಫೋನ್ ಮಾಡಿದರೆ ಹತ್ತು ಜನ ಡ್ರೈವರ್ ಬರ್ತಾರೆ. ಹೌದಲ್ಲವಾ ತಾಂಡೇಲರೇ?"

"ಬರ್ತಾರೆ" ಅಂದರು ತಾಂಡೇಲರು.

ಧಕ್ಕೆಯ ಮೇಲೆ ಬಿದ್ದಿದ್ದ ಬೋಟಿನ ಹಗ್ಗವನ್ನು ತಾವೇ ಎತ್ತಿಕೊಂಡರು. ಬಗ್ಗಿ ಗೂಟಕ್ಕೆ ಸುತ್ತಿ ತಾವೇ ಬಿಗಿದು ಕಟ್ಟಿದರು. ತುಳಸಿ ಸ್ಪ್ಯಾನರ್ ಹಿಡಿದುಕೊಂಡೇ ನೋಡಿದಳು. ಹಗ್ಗ ಕಟ್ಟುವ ಕೆಲಸ ಇನ್ನು ಅವಳದಲ್ಲ.

ಆಮೇಲೆ ಅವರು ಸಾಲಿನಲ್ಲಿ ನಿಂತವರ ಕಡೆಗೆ ತಿರುಗಿದರು.

"ಯಾವ ಊರಿನ ಯಾವ ಬೋಟೇ ಆಗಲಿ, ಹತ್ತುವ ಮೊದಲು ಆ ಸ್ಕ್ರೀನ್ ಆಫ್ ಮಾಡಿಸಿ. ಈಗ ಎಂಜಿನ್ ಬಿಸಿ ಎಷ್ಟು, ನೀರಿನ ಆಳ ಎಷ್ಟು, ಹೇಗೆ ತಿಳಿದು ಹೇಳ್ತೀರಿ ಅಂತ ನಡೆಸುವವರನ್ನು ಕೇಳಿ. ಹೇಳಲಿಕ್ಕೆ ಬರದಿದ್ದರೆ ಹತ್ತಬೇಡಿ."