ಎಲ್ಲವೂ ಕೃಷ್ಣೆಯಾದ ದಿನ

"ಮಾಸ್ತರ್ರ, ಎಲ್ಲಾರಿಗೂ ಒಂದ ಪಾಠ ಹೇಳಿದೆ. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮಿ ಇಲ್ಲ. ಭಾಳ ಮಂದಿ ಕಲತ್ರು. ಮೂರು ಮಂದಿ ಮಾತ್ರ ಕಲೀಲಿಲ್ಲ. ಕಲಿಯೋ ತಾಕತ್ತ ಇಲ್ಲದವರನ್ನ ಏನ ಮಾಡಬೇಕ್ರಿ?"

ಹೀಗೆ ಕೇಳಿದವನು ಕಲ್ಲಿನಾಥ. ತರಬೇತಿ ಕೇಂದ್ರವೊಂದರಲ್ಲಿ ಹಳ್ಳಿಯವರಿಗೆ ಕಂಪ್ಯೂಟರ್ ಕಲಿಸುತ್ತಿದ್ದ. ಕೇಳಿಸಿಕೊಂಡವರು ಅಡಿವೆಪ್ಪ ಮಾಸ್ತರರು. ಕಲ್ಲಿನಾಥನಿಗೆ ಆ ವಿದ್ಯೆ ಕಲಿಸಿದವರು ಅವರೇ. ಈಗ ವಯಸ್ಸಾಗಿತ್ತು. ಮನೆಯ ಕಟ್ಟೆಯ ಮೇಲೆ ಯಾವುದೋ ಹಳೆಯ ಯಂತ್ರ ಬಿಚ್ಚಿಕೊಂಡು ಬ್ರಶ್ಶಿನಿಂದ ಧೂಳು ತೆಗೆಯುತ್ತಿದ್ದರು.

"ಕಲತವರು ಹೆಂಗ ಕಲತಾರ?" ಎಂದು ಕೇಳಿದರು.

"ಥೇಟ ನನ್ನಂಗ ರೀ. ನಾ ಬೆರಳ ಇಟ್ಟಂಗ ಬೆರಳ ಇಡ್ತಾರ. ನಾ ಮಾತಾಡಿದಂಗ ಮಾತಾಡ್ತಾರ. ಯಾರ ಕೆಲಸ ಯಾರದಂತ ನನಗ ಗುರ್ತ ಹತ್ತೂದಿಲ್ಲ." ಕಲ್ಲಿನಾಥನ ದನಿಯಲ್ಲಿ ಹೆಮ್ಮೆಯಿತ್ತು. "ಆ ಮೂವರನ್ನ ನಾಳೆ ಊರಿಗೆ ಕಳಿಸಬೇಕಂತ ಮಾಡೇನ್ರಿ."

ಒಮ್ಮೆ ಊರಿಗೆ ಕಳಿಸಿದರೆ ಮತ್ತೆ ಕರೆಯುವ ಪದ್ಧತಿ ಆ ಕೇಂದ್ರದಲ್ಲಿರಲಿಲ್ಲ. ಕಲಿತವರಿಗೆ ತಮ್ಮ ಹಳ್ಳಿಯಲ್ಲೇ ಕೆಲಸ ಸಿಗುತ್ತಿತ್ತು. ಕಲಿಯದವರು ಬಂದ ದಾರಿ ಹಿಡಿಯಬೇಕಾಗಿತ್ತು. ಇದು ಇಬ್ಬರಿಗೂ ಗೊತ್ತಿತ್ತು.

ಕಲ್ಲಿನಾಥ ಕಟ್ಟೆಯ ಮೇಲೆ ಕೂತ. ಎಷ್ಟೋ ವರ್ಷಗಳ ಹಿಂದೆ ಅವನು ಮೊದಲ ಸಲ ಕೂತದ್ದೂ ಅಲ್ಲಿಯೇ. ಆಗ ಅವನು ಭಜನಾ ಮೇಳದ ಹಾರ್ಮೋನಿಯಂ ಹುಡುಗ. ಕೀಬೋರ್ಡ್ ಮುಟ್ಟಲು ಹೆದರುತ್ತಿದ್ದ. ಮಾಸ್ತರರು ಅವನ ಹಾರ್ಮೋನಿಯಂ ತರಿಸಿ ಕೀಬೋರ್ಡಿನ ಪಕ್ಕದಲ್ಲಿಟ್ಟು, ಒಂದು ಹಾಡು ಅದರ ಮೇಲೆ, ಒಂದು ಸಾಲು ಇದರ ಮೇಲೆ ಎಂದು ಕಲಿಸಿದ್ದರು. ಪಾಠ ಮುಗಿದ ಮೇಲೆ ಇಬ್ಬರೂ ಕೂತು ಹಾಡುತ್ತಿದ್ದರು. ಅದು ನೆನಪಾಗಿ ಕಲ್ಲಿನಾಥನಿಗೆ ಮನಸ್ಸು ಹಗುರಾಯಿತು. ಎಂಥ ಒಳ್ಳೆಯ ದಿನಗಳು ಎಂದುಕೊಂಡ. ಅದರಾಚೆಗೆ ಯೋಚಿಸಲಿಲ್ಲ.

ಮಾಸ್ತರರು ಬ್ರಶ್ಶು ಕೆಳಗಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನ ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆ ಇತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕನಿದ್ದ.

ಆ ಕೋಣೆಯ ಯಂತ್ರಗಳು ಒಂದೇ ಸಲ ಬಂದವಲ್ಲ. ಕೆಲವನ್ನು ಸರ್ಕಾರ ಕೊಟ್ಟಿತ್ತು. ಕೆಲವನ್ನು ಪುಣ್ಯಾತ್ಮರು ಕೊಟ್ಟಿದ್ದರು. ಇನ್ನು ಕೆಲವು ಬೇರೆಲ್ಲೋ ಬೇಡವಾಗಿ ಇಲ್ಲಿಗೆ ಬಂದು ಸೇರಿದ್ದವು. ಹೊರಗಿನಿಂದ ನೋಡಿದರೆ ಎಲ್ಲವೂ ಪೆಟ್ಟಿಗೆಗಳೇ. ಒಳಗೆ ಒಂದರ ಹಾಗೆ ಇನ್ನೊಂದಿರಲಿಲ್ಲ. ಹಿಂದೆ ಇದ್ದ ಹಿರಿಯ ಮಾಸ್ತರರೊಬ್ಬರು ಒಂದೊಂದಕ್ಕೂ ಒಂದೊಂದು ನದಿಯ ಹೆಸರಿಟ್ಟಿದ್ದರು. ತುಂಗೆ, ಭದ್ರೆ, ಮಲಪ್ರಭೆ, ಘಟಪ್ರಭೆ ಹೀಗೆ. ಎಲ್ಲಕ್ಕಿಂತ ಹಳೆಯದು ವರದೆ. ಎಲ್ಲಕ್ಕಿಂತ ಹೊಸದು ಕೃಷ್ಣೆ.

ಮೇಲ್ವಿಚಾರಕ ಅದೇ ಶಾಲೆಯಲ್ಲಿ ಓದಿದವನು. ಅವನು ಮೊದಲು ಕಲಿತದ್ದು ವರದೆಯ ಮುಂದೆ ಕೂತು. ಆ ಕಾಲವೇ ಬೇರೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಕೋಣೆಗೆ ಹೋಗಬೇಕು. ಹೊಲಿಗೆ ಕಲಿಸುವ ಶಿಕ್ಷಕಿಯೊಬ್ಬರು ಸಮವಸ್ತ್ರದ ಉಳಿದ ಬಟ್ಟೆಯಲ್ಲಿ ಪ್ರತಿ ಯಂತ್ರಕ್ಕೂ ಗವಸು ಹೊಲಿದು ಕೊಟ್ಟಿದ್ದರು. ಆ ಗವಸು ತೆಗೆದು ಮಡಿಸಿಡುವ ಸರದಿಗಾಗಿ ಮಕ್ಕಳು ಜಗಳಾಡುತ್ತಿದ್ದರು. ಗುಂಡಿ ಒತ್ತಿದರೆ ವರದೆ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಮಾಡಿ ಮೆಲ್ಲಗೆ ಏಳುತ್ತಿತ್ತು. ಅದು ಏಳುವ ತನಕ ಯಾರೂ ಮಾತಾಡುತ್ತಿರಲಿಲ್ಲ. ಅವನು ಕನ್ನಡದಲ್ಲಿ ಮೊದಲು ಒತ್ತಿದ್ದು ತನ್ನ ಅವ್ವನ ಹೆಸರು. ಅಕ್ಷರ ಮೂಡಿದಾಗ ಅವನಿಗೆ ಅಳು ಬಂದಿತ್ತು. ಈಗಲೂ ಅದನ್ನು ನೆನೆಯುತ್ತ ಕೂರಬೇಕು ಎನಿಸುತ್ತಿತ್ತು.

ಆದರೆ ನೆನೆಯಲು ಪುರುಸೊತ್ತು ಎಲ್ಲಿ? ಯಂತ್ರಗಳ ಒಳಗಿನ ತಂತ್ರಾಂಶವೆಲ್ಲ ಹಳತಾಗಿತ್ತು. ಹೊಸದನ್ನು ಹಾಕಬೇಕಿತ್ತು. ಒಂದೊಂದಕ್ಕೇ ಕೂತು ಹಾಕುತ್ತ ಹೋದರೆ ಪರೀಕ್ಷೆಯೇ ಬಂದುಬಿಡುತ್ತದೆ. ಮೇಲ್ವಿಚಾರಕ ಜಾಣ. ಅವನು ಕೃಷ್ಣೆಯೊಂದನ್ನೇ ಚೆನ್ನಾಗಿ ಸಿದ್ಧಮಾಡಿದ. ಕನ್ನಡದ ಅಕ್ಷರ, ಮಕ್ಕಳ ಪಾಠ, ಮುದ್ರಣದ ವ್ಯವಸ್ಥೆ ಎಲ್ಲವನ್ನೂ ಹಾಕಿದ. ಆಮೇಲೆ ಕೃಷ್ಣೆಯ ಒಳಗಿದ್ದುದನ್ನು ಇಡಿಯಾಗಿ ಪಡಿಯಚ್ಚು ತೆಗೆದ. ಆ ಕಸುಬಿನವರು ಇದಕ್ಕೆ ಇಮೇಜ್ ಎನ್ನುತ್ತಾರೆ. ಆ ಪಡಿಯಚ್ಚನ್ನು ತಂತಿಯ ಮೂಲಕ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಹರಿಸಿದ. ಹರಿಸಿ, ಕೈಕಟ್ಟಿ ನಿಂತು ನೋಡಿದ.

ಕೃಷ್ಣೆಯ ಓರಗೆಯ ಯಂತ್ರಗಳು ಎದ್ದವು. ಹಳೆಯ ಸಾಲು ಏಳಲಿಲ್ಲ. ನಡುವಿನ ಕೆಲವು ಎದ್ದರೂ ದನಿಯಿಲ್ಲ, ಪಕ್ಕದ ಯಂತ್ರದ ಜೊತೆ ಮಾತಿಲ್ಲ. ಕೆಲವು ನೀಲಿ ಪರದೆ ತೋರಿಸಿ ಸತ್ತು, ಮತ್ತೆ ಹುಟ್ಟಿ, ಮತ್ತೆ ನೀಲಿ ಪರದೆ ತೋರಿಸಿದವು. ವರದೆಯದೂ ಅದೇ ಪಾಡು.

ಮೇಲ್ವಿಚಾರಕ ಏನು ಮಾಡಿದ? ಅದೇ ಪಡಿಯಚ್ಚನ್ನು ಮತ್ತೆ ಹರಿಸಿದ. ಏಳಲಿಲ್ಲ. ತಂತಿ ಬದಲಾಯಿಸಿ ಮತ್ತೆ ಹರಿಸಿದ. ಏಳಲಿಲ್ಲ. ಸಿಟ್ಟಿನಿಂದ ಇನ್ನೊಮ್ಮೆ ಹರಿಸಿದ. ಸಿಟ್ಟಿಗೆ ಹೆದರಿ ಏಳಲು ಅವೇನು ನಿದ್ದೆಬಡಕ ಮಕ್ಕಳೇ? ಕೊಟ್ಟದ್ದು ಹಿಡಿಸದಿದ್ದರೆ ಅದನ್ನೇ ಮತ್ತಷ್ಟು ಬಡಿಸುವ ಮಂದಿ ನಾವು.

ಎದ್ದ ಯಂತ್ರಗಳಲ್ಲೂ ಸುಖವಿರಲಿಲ್ಲ. ಎಲ್ಲ ಯಂತ್ರಗಳ ಪಾಠವನ್ನೂ ಎತ್ತಿಡುವ ಒಂದು ಕಪಾಟು, ಅಂದರೆ ಸರ್ವರ್, ಆ ಕೋಣೆಯಲ್ಲಿತ್ತು. ಈಗ ಭದ್ರೆಯಲ್ಲಿ ಕೂತು ಬರೆದ ಪಾಠ ತುಂಗೆಯಲ್ಲಿ ಸಿಗುತ್ತಿತ್ತು. ಒಬ್ಬಳು ಬಿಡಿಸಿದ ನವಿಲು ಇನ್ನೊಬ್ಬನ ಲೆಕ್ಕದ ಮೇಲೆ ಬಂದು ಕೂರುತ್ತಿತ್ತು. ಮೇಲ್ವಿಚಾರಕ ಮಕ್ಕಳನ್ನು ಬೈದ. ಮಕ್ಕಳು ತಾವು ಏನೂ ಮಾಡಿಲ್ಲವೆಂದು ಅತ್ತರು.

ಹೆಡ್‌ಮಾಸ್ತರರು ಬಂದು ಹಳೆಯ ಸಾಲಿನ ಮುಂದೆ ನಿಂತರು.

"ಮೊನ್ನೆವರೆಗೂ ನಡೀತಿದ್ವಲ್ಲೋ ಇವು?"

"ಹಳೇವು ಆಗ್ಯಾವ್ರಿ ಸರ. ಹೊಸಾದನ್ನ ಹಿಡಿಸಿಕೊಳ್ಳೋ ತಾಕತ್ತ ಇಲ್ಲ."

"ಹಂಗಾದ್ರ ಹಬ್ಬ ಆದಮ್ಯಾಲೆ ಗುಜರಿಗೆ ಹಾಕಿಬಿಡು."

ತಾಕತ್ತಿಲ್ಲ ಎಂದವನು ತಾನೇ ಆದರೂ ಮೇಲ್ವಿಚಾರಕನಿಗೆ ಅನ್ನ ಸೇರಲಿಲ್ಲ. ಹಳೆಯ ಸಾಲು ಕೆಳಗಿನ ತರಗತಿಯ ಮಕ್ಕಳದು. ಅದು ಹೋದರೆ ಅವರಿಗೆ ಬೇರೆ ಯಂತ್ರವಿಲ್ಲ. ವರದೆ ಹೋದರೆ ಅವನ ಪಾಲಿಗೆ ಮನೆಯ ಹಿರಿಯರೊಬ್ಬರು ಹೋದ ಹಾಗೆಯೇ. ಹಾಗಂತ ಯಾರ ಮುಂದೆ ಹೇಳುವುದು? ಪೆಟ್ಟಿಗೆಗಾಗಿ ಅಳುತ್ತಾನೆ ಎಂದು ನಗುತ್ತಾರೆ.

ಆಯುಧಪೂಜೆ ಬಂತು. ಆ ಕೋಣೆಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ಹಿರಿಯ ಮಾಸ್ತರರು ಹಾಕಿಕೊಟ್ಟದ್ದು. ಯಂತ್ರಗಳನ್ನು ಒರೆಸಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವು ಏರಿಸಬೇಕು. ಆಮೇಲೆ ಒಂದೊಂದರ ಗುಂಡಿ ಒತ್ತಬೇಕು. ಯಂತ್ರ ಎದ್ದು ಪರದೆಯ ಮೇಲೆ ತನ್ನ ಹೆಸರು ತೋರಿಸುತ್ತದೆ. ಮಕ್ಕಳು ಆ ಹೆಸರನ್ನು ಕೂಗಿ ಹೇಳಬೇಕು. ತುಂಗೆ ಎಂದರೆ ತುಂಗೆ, ಭದ್ರೆ ಎಂದರೆ ಭದ್ರೆ. ಕೂಗು ಮುಗಿದ ಮೇಲೆ ಮಂಡಕ್ಕಿ, ಬೆಲ್ಲ.

ಮೇಲ್ವಿಚಾರಕ ತುಂಗೆಯ ಗುಂಡಿ ಒತ್ತಿದ. ಮಕ್ಕಳು ಪರದೆ ನೋಡಿ "ಕೃಷ್ಣೆ!" ಎಂದು ಕೂಗಿದರು. ಭದ್ರೆಯ ಗುಂಡಿ ಒತ್ತಿದ. "ಕೃಷ್ಣೆ!" ಎಂದರು. ಮಲಪ್ರಭೆಗೂ ಕೃಷ್ಣೆ, ಘಟಪ್ರಭೆಗೂ ಕೃಷ್ಣೆ. ಮಕ್ಕಳಿಗೆ ನಗು ತಡೆಯಲಾಗಲಿಲ್ಲ. "ಎಲ್ಲಾವೂ ಕೃಷ್ಣೆನ ರೀ ಸರ!" ಎಂದು ಕುಣಿದರು. ಹಳೆಯ ಸಾಲಿಗೆ ಬಂದಾಗ ಕೂಗಲು ಹೆಸರೇ ಇರಲಿಲ್ಲ. ವರದೆಯ ಪರದೆ ನೀಲಿಯಾಗಿ ನಿಂತಿತು. ನಗು ತಾನಾಗಿಯೇ ನಿಂತಿತು.

ಮೇಲ್ವಿಚಾರಕ ಕೈಯಲ್ಲಿ ಹೂವು ಹಿಡಿದುಕೊಂಡು ವರದೆಯ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟ. ದಿನವೂ ಕಣ್ಣೆದುರಿಗಿದ್ದ ಹೆಸರನ್ನು ಅವನು ಒಮ್ಮೆಯೂ ಓದಿರಲಿಲ್ಲ. ಎಲ್ಲ ಯಂತ್ರವೂ ತಾನೇ ಕೃಷ್ಣೆ ಎಂದರೆ ಹೆಸರು ನೋಡಿ ವಿಂಗಡಿಸುವ ಕಪಾಟು ಯಾರ ಪಾಠವನ್ನು ಯಾರಿಗೆಂದು ಎತ್ತಿಡಬೇಕು? ಮಕ್ಕಳನ್ನು ಬೈದದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಆ ಸ್ಟೂಲು ಅವನು ಚಿಕ್ಕವನಿದ್ದಾಗ ಕೂತ ಸ್ಟೂಲು. ಅಲ್ಲಿ ಕೂತದ್ದಕ್ಕೇ ಇರಬೇಕು, ಹಿರಿಯ ಮಾಸ್ತರರು ಕೆಲಸ ಮಾಡುತ್ತಿದ್ದ ಬಗೆ ಕಣ್ಣಿಗೆ ಕಟ್ಟಿತು. ಅವರೂ ಪಡಿಯಚ್ಚು ತೆಗೆಯುತ್ತಿದ್ದರು. ಆದರೆ ತೆಗೆಯುವ ಮುಂಚೆ ತಾಯಿಯಂತ್ರದ ಹೆಸರನ್ನು ಅಳಿಸುತ್ತಿದ್ದರು. ಅದರ ಗುರುತು, ಅದರ ಹಳೆಯ ರೂಢಿ, ಅದಕ್ಕೊಂದಕ್ಕೇ ಒಗ್ಗುವ ಎಲ್ಲವನ್ನೂ ತೆಗೆಯುತ್ತಿದ್ದರು. ಚೆನ್ನಾಗಿರುವುದನ್ನು ಯಾಕೆ ಅಳಿಸುತ್ತಾರೋ ಎಂದು ಇವನು ಆಗ ಅಂದುಕೊಂಡಿದ್ದ. ಇನ್ನೊಂದು, ಅವರು ಪ್ರತಿ ಯಂತ್ರದ ಮುಚ್ಚಳ ತೆಗೆದು, ಒಳಗೆ ಇಣುಕಿ, "ನಿನ್ನ ಹತ್ರ ಏನೈತಿ, ತೋರ್ಸವಾ" ಎನ್ನುತ್ತಿದ್ದರು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಾಸ್ತರರಿಗೆ ತಲೆ ಸ್ವಲ್ಪ ಸಡಿಲ ಎಂದು ಊರೂ ಆಡಿಕೊಳ್ಳುತ್ತಿತ್ತು.

ಮೇಲ್ವಿಚಾರಕ ಎದ್ದು ಸ್ಕ್ರೂಡ್ರೈವರ್ ತಂದ. ಕುಂಕುಮ ಹಚ್ಚಿದ ವರದೆಯ ಮುಚ್ಚಳವನ್ನು ಬಿಚ್ಚಿದ. ಒಳಗಿನ ಒಂದೊಂದು ಅಂಗವನ್ನೂ ಒರೆಸಿ, ಅದರ ಮೇಲಿದ್ದ ಅಕ್ಷರಗಳನ್ನು ಓದಿದ. ಅವನಿಗೆ ಆಗ ತಿಳಿಯಿತು. ತಂತ್ರಾಂಶ ಆಡುವ ಭಾಷೆ ಒಂದು, ಯಂತ್ರದ ಅಂಗಗಳು ಆಡುವ ಭಾಷೆ ಇನ್ನೊಂದು. ನಡುವೆ ಒಬ್ಬ ದುಭಾಷಿ ಬೇಕು. ಡ್ರೈವರ್ ಎನ್ನುವುದು ಅದನ್ನೇ. ಅವನು ಕೃಷ್ಣೆಯ ದುಭಾಷಿಗಳನ್ನೇ ಎಲ್ಲ ಯಂತ್ರಗಳಿಗೂ ಕಳಿಸಿದ್ದ. ವರದೆಯ ಡಿಸ್ಕು ಆಡುವ ಮಾತು ಅವರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ತನ್ನ ಡಿಸ್ಕೇ ತನಗೆ ಸಿಗದೆ ವರದೆ ಬಿದ್ದು ಬಿದ್ದು ಏಳುತ್ತಿತ್ತು. ಅದಕ್ಕೆ ತಾಕತ್ತಿರಲಿಲ್ಲವೆಂದಲ್ಲ. ಅದರ ಮಾತು ಬಲ್ಲವರನ್ನು ಯಾರೂ ಕಳಿಸಿರಲಿಲ್ಲ.

ಅವನು ಹಳೆಯ ಸಾಲಿನ ಮುಚ್ಚಳಗಳನ್ನೆಲ್ಲ ಬಿಚ್ಚಿದ. ಯಾವುದರಲ್ಲಿ ಏನಿದೆ ಎಂದು ನೋಡಿ, ಅದಕ್ಕೆ ತಕ್ಕ ಡ್ರೈವರುಗಳನ್ನು ಹುಡುಕಿ ತಂದ. ಕೆಲವು ಕೂಡಲೇ ಸಿಕ್ಕವು. ಕೆಲವಕ್ಕೆ ಊರೂರು ಅಲೆದು, ಕಂಡವರನ್ನೆಲ್ಲ ಕೇಳಬೇಕಾಯಿತು. ಕೃಷ್ಣೆಯ ಹೆಸರು ಅಳಿಸಿದ. ಅದಕ್ಕೊಂದಕ್ಕೇ ಸೇರಿದ್ದನ್ನು ತೆಗೆದು, ಎಲ್ಲಕ್ಕೂ ಬೇಕಾದದ್ದನ್ನು ಮಾತ್ರ ಉಳಿಸಿ ಮತ್ತೆ ಪಡಿಯಚ್ಚು ತೆಗೆದ. ಅದರ ಜೊತೆಗೆ ಪ್ರತಿ ಯಂತ್ರಕ್ಕೂ ಅದರದೇ ದುಭಾಷಿಗಳನ್ನು ಕಳಿಸಿದ. ಅಷ್ಟರಲ್ಲಿ ಗುಜರಿ ಗಾಡಿ ಬಂದಿತ್ತು. ಅದನ್ನು ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಬಂದು ವರದೆಯ ಗುಂಡಿ ಒತ್ತಿದ.

ವರದೆ ಗಂಟಲು ಸರಿಮಾಡಿಕೊಂಡಿತು. ಆ ಹಳೆಯ ಸದ್ದು ಕೇಳಿ ಅವನು ಹಾಗೆಯೇ ನಿಂತ. ನೀಲಿ ಪರದೆ ಬರಲಿಲ್ಲ. ಯಂತ್ರ ಮೆಲ್ಲಗೆ ಎದ್ದು ತನ್ನ ಹೆಸರೇನು ಎಂದು ಅವನನ್ನೇ ಕೇಳಿತು. ಅವನು ವರದೆ ಎಂದು ಒತ್ತಿದ. ಕೆಳಗಿನ ತರಗತಿಯ ಮಕ್ಕಳು ಕಿಟಕಿಯ ಹೊರಗಿನಿಂದಲೇ ಆ ಹೆಸರನ್ನು ಕೂಗಿದರು. ಹಬ್ಬ ಮುಗಿದಿದ್ದರೂ ಅವನು ಅದಕ್ಕೆ ಇನ್ನೊಂದು ಹೂವು ಏರಿಸಿ, ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ. ಗುಜರಿ ಗಾಡಿ ಬರಿದೇ ಹೋಯಿತು.

ಕತೆ ಮುಗಿಯಿತು. ಮಾಸ್ತರರು ಮತ್ತೆ ಬ್ರಶ್ಶು ಎತ್ತಿಕೊಂಡರು.

ಕಲ್ಲಿನಾಥ ಮೊದಲು ನಕ್ಕ. ಆಮೇಲೆ ತಲೆದೂಗಿದ. "ತಿಳೀತ್ರಿ ಮಾಸ್ತರ್ರ. ಕಲತವರೆಲ್ಲಾ ನನ್ನಂಗ ಆಗ್ಯಾರಂತ ಹಿಗ್ಗಬಾರದಾಗಿತ್ತು. ನಾಳೆ ಅವರಿಗೆ ಹೇಳತೇನಿ, ನಿಮ್ಮ ನಿಮ್ಮ ನಮೂನಿ ಮಾಡ್ರಿ ಅಂತ." ಹೀಗೆಂದು ಏಳಲು ಹೊರಟ. ಆ ಮೂವರ ಮಾತನ್ನು ಅವನು ಎತ್ತಲಿಲ್ಲ.

ಮಾಸ್ತರರು ಯಂತ್ರದ ಒಳಗಿನ ಧೂಳನ್ನು ಊದಿ, ತಲೆ ಎತ್ತದೆಯೇ ಹೇಳಿದರು:

"ನಿನಗ ಕಲಸೂದಕ್ಕ ನಾ ನಿನ್ನ ಹಾರ್ಮೋನಿಯಂ ತರಿಸಿದ್ದೆ ಕಲ್ಲಿನಾಥ, ಆ ಮೂವರಿಗೆ ಕಲಸೂದಕ್ಕ ನೀ ಅವರ ಮನಿಯಿಂದ ಏನ ತರಿಸಿದಿ?"

ಕಲ್ಲಿನಾಥ ಏಳಲು ಹೊರಟವನು ಮತ್ತೆ ಕೂತ.