ಹಳೆಯ ರಿಬ್ಬನ್ನಿನ ಸೇವೆ

ಟೈಪ್‌ರೈಟರಿನಲ್ಲಿ ಅಕ್ಷರ ಕುಟ್ಟಿ ಚಿತ್ರ ಬಿಡಿಸುವ ಸುಗುಣಾಬಾಯಿಯವರ ಮನೆಗೋಡೆಯ ತುಂಬ ಅಂಥ ಚಿತ್ರಗಳೇ. ಈ ಸಲ ಅವರು ಬಾಲಕೃಷ್ಣನನ್ನು ಮೂಡಿಸಲು ಕೂತಾಗ, ಹೊಸ ರಿಬ್ಬನ್ನು ಮಸಿ ಸವೆದ ಹಳೆಯ ರಿಬ್ಬನ್ನನ್ನು ಕೆಣಕಿತು: “ಅಜ್ಜೀ, ಇನ್ನು ಕಸದ ಬುಟ್ಟಿಯೇ ನಿಮಗೆ ವೈಕುಂಠ!”

“ಆಗಲಪ್ಪಾ. ಕೂಸಿನ ಮುಖವೊಂದನ್ನು ನೋಡಿ ಹೋಗುತ್ತೇನೆ,” ಎಂದಿತು ಹಳೆಯದು.

ಹೊಸದು ಗುಂಗುರು ಕೂದಲನ್ನು ಕಪ್ಪಗೆ, ಚೆಂದಕ್ಕೆ ಮೂಡಿಸಿತು. ಆದರೆ ಕೆನ್ನೆಯನ್ನು ಬೇರೆ ಹಾಳೆಯಲ್ಲಿ ಕುಟ್ಟಿ ನೋಡಿದರೆ, ಕೂಸಿಗೆ ಗಡ್ಡ ಬಂದಂತಿತ್ತು! ಸುಗುಣಾಬಾಯಿ ನಕ್ಕು, ಹಳೆಯ ರಿಬ್ಬನ್ನನ್ನೇ ಯಂತ್ರಕ್ಕೆ ಏರಿಸಿದರು. ಅದರ ತೆಳುಮಸಿಯಲ್ಲಿ ಎಳೆಗೆನ್ನೆ ಮೂಡಿತು, ಸ್ವಾಮಿ ನಕ್ಕ.

“ಅಜ್ಜೀ, ಇಷ್ಟು ಮೆಲ್ಲಗೆ ಮುಟ್ಟುವುದನ್ನು ನನಗೂ ಕಲಿಸಿ,” ಎಂದಿತು ಹೊಸದು.

“ಅವನ ಸೇವೆಯಲ್ಲಿ ಸವೆಯುತ್ತಾ ಬಾ ಮಗು, ಅವನೇ ಕಲಿಸುತ್ತಾನೆ.”