ಹೊಳೆಯುವ ಬಿಲ್ಲೆಯ ಗತ್ತು

ಕ್ಲಬ್ಬಿನ ಪೋಕರ್ ಪೆಟ್ಟಿಗೆಯಲ್ಲಿ, ಇಸ್ಪೀಟಾಟದಲ್ಲಿ ದುಡ್ಡಿನ ಬದಲು ಪಣಕ್ಕಿಡುವ ಸವೆದ ಮಣ್ಣಿನ ಬಿಲ್ಲೆಗಳ ನಡುವೆ ಹೊಸದೊಂದು ಪ್ಲಾಸ್ಟಿಕ್ ಬಿಲ್ಲೆ ಬಂದು ಕೂತಿತು. ಹೊಟ್ಟೆಯಲ್ಲಿ ಕಬ್ಬಿಣ, ಮೈಮೇಲೆ ಹೊಳಪು.

"ನಿಮ್ಮ ಮೈ ಒರಟು. ದೂರ ಸರಿಯಿರಿ," ಎಂದಿತು ಅದು.

"ಆಟಗಾರರು ನಮ್ಮನ್ನು ಕಲೆಸುವಾಗ ಒಂದನ್ನೊಂದು ಹಿಡಿದುಕೊಳ್ಳುವುದು ಒರಟು ಮೈಯೇ, ತಮ್ಮಾ. ನುಣುಪು ಜಾರುತ್ತದೆ," ಎಂದಿತು ಹಳೆಯ ಬಿಲ್ಲೆ.

"ನಾನು ಜಾರುವ ಪೈಕಿಯಲ್ಲ!"

ಆಟ ಶುರುವಾಯಿತು. ಯೋಚಿಸುವಾಗ ಬಿಲ್ಲೆಗಳ ಎರಡು ಗುಪ್ಪೆಗಳನ್ನು ಬೆರಳಲ್ಲೇ ಒಂದಾಗಿ ಕಲೆಸುವುದು ಆಟಕ್ಕೆ ಕೂತಿದ್ದ ಚಂಗಪ್ಪನವರ ಚಾಳಿ. ಮಣ್ಣಿನವು ಮೆಲ್ಲಗೆ ಒಂದರ ನಡುವೆ ಒಂದು ಸೇರಿಕೊಂಡವು. ಹೊಸದು ಮಾತ್ರ ಪ್ರತಿ ಸಲವೂ ಠಣ್ಣನೆ ಜಾರಿ, ಉಳಿದವನ್ನೂ ಚೆಲ್ಲಿತು. ರೋಸಿಹೋದ ಚಂಗಪ್ಪನವರು ಅದನ್ನು ಅಲುಗಾಡುತ್ತಿದ್ದ ಮೇಜಿನ ಗಿಡ್ಡ ಕಾಲಿನಡಿ ತುರುಕಿದರು.

ಕೆಳಗಿನಿಂದ ದನಿ ಬಂತು: "ಕಂಡಿರಾ? ನಾನಿಲ್ಲದಿದ್ದರೆ ಈ ಮೇಜೇ ನಿಲ್ಲುತ್ತಿರಲಿಲ್ಲ!"